ಸೋಲೋ ಒಂದೇ ಅಲ್ಲ, ಪಕ್ಕದವರನ್ನೂ ಕೇಳಿ

(ಸಂಗೀತಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ನಡುನಡುವೆ ಹಾಕಿ ಕೇಳಿಸಿದ ತುಣುಕುಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಾಝ್ ಕೇಳುವವರು ನಾಲ್ಕು ಜನ ಸೇರಿದರೆ ಒಂದು ಜಗಳ ಖಾಯಂ. 1965ರ ನಂತರ ಕೇಳುವಂಥದ್ದು ಏನೂ ಬಂದಿಲ್ಲ ಅನ್ನುವವರು ಒಂದು ಕಡೆ. ಅದೇ ಹಳೇ ರೆಕಾರ್ಡುಗಳನ್ನು ಎಷ್ಟು ಸಲ ಅಂತ ಕೇಳ್ತೀರಿ, ಈಗ ನುಡಿಸುತ್ತಿರುವವರನ್ನೂ ಸ್ವಲ್ಪ ಕೇಳಿ ಅನ್ನುವವರು ಇನ್ನೊಂದು ಕಡೆ. ನನಗೆ ಈ ಎರಡು ಮಾತೂ ಒಪ್ಪಿಗೆಯಿಲ್ಲ. ಹಾಗಂತ ಅಡ್ಡಗೋಡೆಯ ಮೇಲೆ ದೀಪ ಇಡುವವನೂ ನಾನಲ್ಲ. ಯಾವುದು ನನಗೆ ತುಂಬಾ ಇಷ್ಟ, ಯಾವುದು ಅಷ್ಟಕ್ಕಷ್ಟೇ ಅನ್ನುವುದನ್ನು ಹೆಸರು ಹಿಡಿದೇ ಹೇಳುತ್ತೇನೆ.

ನಾನು ನೋಡುವುದು ಒಂದೇ ವಿಷಯ. ರೆಕಾರ್ಡಿನಲ್ಲಿ ನುಡಿಸುತ್ತಿರುವವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದಾರಾ? ಕೇಳಿಸಿಕೊಂಡು ತಾವು ನುಡಿಸಬೇಕು ಅಂದುಕೊಂಡಿದ್ದನ್ನು ಬದಲಾಯಿಸುತ್ತಿದ್ದಾರಾ? ಜಾಝ್‌ನಲ್ಲಿ ಬರೆದಿಟ್ಟಿದ್ದು ಕಡಿಮೆ, ಅಲ್ಲೇ ಹುಟ್ಟುವುದು ಜಾಸ್ತಿ. ಅಲ್ಲೇ ಹುಟ್ಟಬೇಕಾದರೆ ಪಕ್ಕದವರ ಕಡೆ ಕಿವಿ ಇರಲೇಬೇಕು. ಹಳೆಯ ರೆಕಾರ್ಡ್ ಆಗಲಿ, ಹೋದ ವರ್ಷದ್ದೇ ಆಗಲಿ, ನಾನು ಮೊದಲು ಹುಡುಕುವುದು ಇದನ್ನೇ.

ತೀರಾ ಹಳೆಯದರಿಂದಲೇ ಶುರು ಮಾಡೋಣ. 1928ರ ಜೂನ್ 28ರಂದು ಶಿಕಾಗೊದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ 'ವೆಸ್ಟ್ ಎಂಡ್ ಬ್ಲೂಸ್' ರೆಕಾರ್ಡ್ ಮಾಡಿದರು. ಇದರ ಶುರುವಿನ ಟ್ರಂಪೆಟ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ಹಿಂದೆ ಮುಂದೆ ಯಾರೂ ಇಲ್ಲ, ಟ್ರಂಪೆಟ್ ಒಂದೇ ನೆಲದಿಂದ ಮೇಲಕ್ಕೆ ಜಿಗಿದು, ತಿರುಗಿ, ಜಾರಿ ಕೆಳಗೆ ಬರುತ್ತದೆ. ನಿಜಕ್ಕೂ ಉಸಿರು ಬಿಗಿ ಹಿಡಿದು ಕೇಳುವಂಥ ಹದಿನೈದು ಸೆಕೆಂಡು. ಆದರೆ ನನಗೆ ಅದಕ್ಕಿಂತ ಇಷ್ಟವಾಗುವುದು ಸ್ವಲ್ಪ ಆಮೇಲೆ ಬರುವ ಭಾಗ. ಜಿಮ್ಮಿ ಸ್ಟ್ರಾಂಗ್ ಕ್ಲಾರಿನೆಟ್‌ನಲ್ಲಿ ಕೆಳ ಸ್ವರದಲ್ಲಿ ಒಂದು ಚಿಕ್ಕ ಸಾಲು ನುಡಿಸುತ್ತಾರೆ. ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಕೆಳಗಿಟ್ಟು ಬಾಯಲ್ಲೇ ಉತ್ತರ ಕೊಡುತ್ತಾರೆ. ಪದಗಳಿಲ್ಲ, ಬರೀ ದನಿ. ಕ್ಲಾರಿನೆಟ್ ಇನ್ನೊಂದು ಹೇಳುತ್ತದೆ, ಇವರು ಅದನ್ನೇ ಸ್ವಲ್ಪ ತಿರುಗಿಸಿ ವಾಪಸ್ ಕೊಡುತ್ತಾರೆ. ಅಷ್ಟು ದೊಡ್ಡ ಕಲಾವಿದ ಬೇರೆಯವರ ಸಾಲನ್ನು ಇಷ್ಟು ಮೆತ್ತಗೆ ಹಿಂಬಾಲಿಸುವುದನ್ನು ಕೇಳಬೇಕು.

ಆ ಮೃದು ದನಿ ನಮಗೆ ಸಿಕ್ಕಿದ್ದು ಮೈಕ್ರೋಫೋನ್ ಬಂದಿದ್ದರಿಂದ. 1923ರಲ್ಲಿ ಆರ್ಮ್‌ಸ್ಟ್ರಾಂಗ್ ಕಿಂಗ್ ಆಲಿವರ್ ಬ್ಯಾಂಡಿನಲ್ಲಿ ಮೊದಲ ಸಲ ರೆಕಾರ್ಡ್ ಮಾಡಿದಾಗ ಮೈಕ್ ಇರಲಿಲ್ಲ. ದೊಡ್ಡದೊಂದು ಕೊಳವೆಯ ಮುಂದೆ ಎಲ್ಲರೂ ಗುಂಪಾಗಿ ನಿಂತು ನುಡಿಸಬೇಕಿತ್ತು. ಜೋರಾಗಿ ನುಡಿಸುವವರು ಹಿಂದೆ, ಮೆತ್ತಗೆ ನುಡಿಸುವವರು ಮುಂದೆ. ಡ್ರಮ್ಸ್ ಅಂತೂ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. 1925ರಿಂದ ವಿದ್ಯುತ್ ರೆಕಾರ್ಡಿಂಗ್ ಬಂತು. ಪಿಸುಮಾತಿನಂಥ ದನಿಗೂ ಜಾಗ ಸಿಕ್ಕಿತು. ಹಳೆಯ ರೆಕಾರ್ಡ್ ಕೇಳುವಾಗ ಈ ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದು. ಕೇಳಿಸದೇ ಇರುವುದೆಲ್ಲ ಅಲ್ಲಿ ಇರಲಿಲ್ಲ ಅಂತ ತಿಳಿಯಬಾರದು.

ಅಂದಹಾಗೆ, ಒಂದು ಇಡೀ ಕಾಲವೇ ಹೀಗೆ ರೆಕಾರ್ಡ್‌ನಿಂದ ತಪ್ಪಿಸಿಕೊಂಡಿದೆ. 1942ರ ಆಗಸ್ಟ್‌ನಲ್ಲಿ ಅಮೆರಿಕದ ಸಂಗೀತಗಾರರ ಸಂಘ ರೆಕಾರ್ಡಿಂಗ್ ನಿಲ್ಲಿಸಿತು. ದೊಡ್ಡ ಕಂಪನಿಗಳ ಜೊತೆ ರಾಜಿಯಾಗಲು ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು. ಬೆಬಾಪ್ ಅನ್ನುವ ಹೊಸ ಜಾಝ್ ಶೈಲಿ ರೂಪ ಪಡೆದದ್ದು ಸರಿಯಾಗಿ ಆಗಲೇ. ಹಾಗಾಗಿ 1945ರಲ್ಲಿ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ 'ಕೋ-ಕೋ' ರೆಕಾರ್ಡ್ ಮಾಡಿದಾಗ ಅದು ಹೊರಗಿನವರಿಗೆ ಆಕಾಶದಿಂದ ಬಿದ್ದ ಹಾಗೆ ಕಂಡಿತು. ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ನಡೆದ ತಯಾರಿ ಹೆಚ್ಚಿನ ಜನರ ಕಿವಿಗೆ ಬಿದ್ದಿರಲೇ ಇಲ್ಲ.

ಈಗ 1959ಕ್ಕೆ ಬರೋಣ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಬಗ್ಗೆ ಮಾತಾಡದೆ ಇರಲು ಆಗುವುದಿಲ್ಲ. ಮಾತಾಡಬೇಕಾಗಿಯೂ ಇದೆ, ಯಾಕೆಂದರೆ ಈ ರೆಕಾರ್ಡನ್ನು ಇವತ್ತು ಸುಮ್ನೆ ಹಿನ್ನೆಲೆಯಲ್ಲಿ ಹಾಕಿಡುವ ಸಂಗೀತ ಮಾಡಿಬಿಟ್ಟಿದ್ದಾರೆ. ಹೊಸಬರ ಕೈಗೆ ಇದನ್ನೇ ಮೊದಲು ಕೊಡುತ್ತಾರೆ, ಹಿತವಾಗಿದೆ ಅಂತ. ಹಿತವಾಗಿರುವುದು ನಿಜ. ಆದರೆ ಅದು ಇರುವುದು ಅದಕ್ಕಲ್ಲ.

ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನ. ನ್ಯೂಯಾರ್ಕಿನಲ್ಲಿ ಹಿಂದೆ ಚರ್ಚ್ ಆಗಿದ್ದ ಕಟ್ಟಡದಲ್ಲಿ ಕೊಲಂಬಿಯಾ ಕಂಪನಿಯ ಸ್ಟುಡಿಯೊ ಇತ್ತು. ಮೈಲ್ಸ್ ಡೇವಿಸ್ ತಂದಿದ್ದು ಬರೀ ಸ್ಕೆಚ್‌ಗಳನ್ನು. ಕಾರ್ಡುಗಳ (ಒಟ್ಟಿಗೆ ನುಡಿಸುವ ಹಲವು ಸ್ವರಗಳ ಗುಚ್ಛ) ಗದ್ದಲ ಬೇಡ, ಒಂದೋ ಎರಡೋ ಮೋಡ್‌ಗಳ (ಸ್ವರಶ್ರೇಣಿ) ಮೇಲೆ ನಿಂತು ನುಡಿಸೋಣ ಅನ್ನುವುದು ಅವರ ಯೋಚನೆ. ಕಾರ್ಡುಗಳು ಪಟಪಟನೆ ಬದಲಾಗುತ್ತಿದ್ದರೆ ನುಡಿಸುವವರು ಅವುಗಳ ಹಿಂದೆ ಓಡುವುದರಲ್ಲೇ ಕಾಲ ಕಳೆಯುತ್ತಾರೆ. ಅವುಗಳನ್ನು ತೆಗೆದುಬಿಟ್ಟರೆ ಉಳಿಯುವುದು ಪಕ್ಕದವರ ದನಿ ಮಾತ್ರ. ಕೇಳಿಸಿಕೊಳ್ಳದೆ ಬೇರೆ ದಾರಿಯೇ ಇಲ್ಲ.

ಮೊದಲ ಹಾಡು 'ಸೋ ವಾಟ್'. ಪಿಯಾನೊದಲ್ಲಿ ಬಿಲ್ ಎವಾನ್ಸ್, ಬೇಸ್‌ನಲ್ಲಿ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಪಾಲ್ ಚೇಂಬರ್ಸ್, ಇಬ್ಬರೇ ತಾಳದ ಹಂಗಿಲ್ಲದೆ ನಿಧಾನಕ್ಕೆ ಒಳಗೆ ಬರುತ್ತಾರೆ. ಆಮೇಲೆ ಬೇಸ್ ಒಂದು ಪ್ರಶ್ನೆ ಕೇಳಿದ ಹಾಗೆ ಒಂದು ಸಾಲು ನುಡಿಸುತ್ತದೆ. ಎರಡೇ ಕಾರ್ಡಿನಲ್ಲಿ ಉತ್ತರ. ಮೊದಲು ಪಿಯಾನೊ ಉತ್ತರಿಸುತ್ತದೆ, ಆಮೇಲೆ ಟ್ರಂಪೆಟ್, ಸ್ಯಾಕ್ಸೋಫೋನ್‌ಗಳು ಸೇರಿಕೊಳ್ಳುತ್ತವೆ. ಸುಮಾರು ಒಂದೂವರೆ ನಿಮಿಷ ಕಳೆದ ಮೇಲೆ ಮೈಲ್ಸ್ ಅವರ ಸೋಲೋ, ಅಂದರೆ ಒಬ್ಬರೇ ಮುಂದೆ ಬಂದು ನುಡಿಸುವ ಸರದಿ, ಶುರು. ಸರಿಯಾಗಿ ಆ ಹೊಸ್ತಿಲಲ್ಲಿ ಡ್ರಮ್ಮರ್ ಜಿಮ್ಮಿ ಕಾಬ್ ಸಿಂಬಲ್ (ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆ) ಮೇಲೆ ಒಂದು ಏಟು ಹಾಕುತ್ತಾರೆ. ಅಲ್ಲಿಯವರೆಗಿನ ಮೆತ್ತನೆಯ ನುಡಿಸಾಣಿಕೆಗೆ ಆ ಏಟು ಸ್ವಲ್ಪ ಜಾಸ್ತಿಯೇ ಜೋರು. ಅದು ಗುಂಯ್‌ಗುಡುತ್ತಾ ಉಳಿಯುತ್ತದೆ. ಮೈಲ್ಸ್ ಆ ಗುಂಯ್‌ಗುಡುವಿಕೆಯ ಕೆಳಗೇ ತಮ್ಮ ಮೊದಲ ಸ್ವರಗಳನ್ನು ಇಡುತ್ತಾರೆ. ಅವಸರವೇ ಇಲ್ಲ. ಆ ಶಬ್ದ ಕರಗುವ ಹೊತ್ತಿಗೆ ನಾವು ಪೂರ್ತಿ ಅವರ ಕೈಯಲ್ಲಿರುತ್ತೇವೆ. ಅಂದು ಸಭೆಯಲ್ಲಿ ಈ ಇಪ್ಪತ್ತು ಸೆಕೆಂಡುಗಳನ್ನು ಎರಡು ಸಲ ಹಾಕಿದೆ. ಎರಡನೇ ಸಲ ಎಲ್ಲರೂ ಟ್ರಂಪೆಟ್ ಬಿಟ್ಟು ಸಿಂಬಲ್ ಕೇಳುತ್ತಿದ್ದರು. ನೀವೂ ಹಾಗೆ ಕೇಳಿ ನೋಡಿ.

ಇದೇ ರೆಕಾರ್ಡಿನ ಇನ್ನೊಂದು ಸಂಗತಿ. ಮಾರ್ಚ್ 2ರಂದು ಮುಖ್ಯ ಟೇಪ್ ಮಷೀನ್ ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ಹಾಗಾಗಿ ಎಲ್‌ಪಿಯಲ್ಲಿ ಮೊದಲ ಬದಿಯ ಮೂರೂ ಹಾಡುಗಳು ಸ್ವಲ್ಪ ವೇಗವಾಗಿ, ಸ್ವಲ್ಪ ಏರಿದ ಶ್ರುತಿಯಲ್ಲಿ ಬಂದವು. ಜೊತೆಗೆ ಓಡುತ್ತಿದ್ದ ಇನ್ನೊಂದು ಮಷೀನಿನ ಟೇಪ್ ಇಟ್ಟುಕೊಂಡು ಇದನ್ನು ಸರಿಪಡಿಸಿದ್ದು 1990ರ ದಶಕದಲ್ಲಿ. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಜನ ಆ ರೆಕಾರ್ಡ್ ಹಾಕಿಕೊಂಡು ಅದರ ಜೊತೆ ನುಡಿಸಿ ಕಲಿತರು, ತಪ್ಪು ಶ್ರುತಿಗೇ ವಾದ್ಯ ಸೇರಿಸಿಕೊಂಡು! ಸರಿಪಡಿಸಿದ ಆವೃತ್ತಿಯಲ್ಲಿ ಎಲ್ಲರೂ ಒಂದು ಗುಟುಕು ನೀರು ಕುಡಿದು ಕೂತ ಹಾಗೆ ಕೇಳಿಸುತ್ತದೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಅದೇ 1959ರಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ 'ಜಯಂಟ್ ಸ್ಟೆಪ್ಸ್' ರೆಕಾರ್ಡ್ ಮಾಡಿದರು. ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆ ಶೀರ್ಷಿಕೆಯ ಹಾಡು ಮೂರು ಶ್ರುತಿಗಳ ನಡುವೆ ಎಡೆಬಿಡದೆ ಜಿಗಿಯುತ್ತದೆ. ವೇಗ ನಿಮಿಷಕ್ಕೆ ಸುಮಾರು 290 ಬೀಟ್. ಕೋಲ್ಟ್ರೇನ್ ಅದರ ಮೇಲೆ ಓಡುವುದು ಕೇಳಿದರೆ ಬೆರಗಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಯಾನೊದ ಟಾಮಿ ಫ್ಲ್ಯಾನಗನ್ ಸರದಿ ಬಂದಾಗ ಏನಾಗುತ್ತದೆ ಕೇಳಿ. ಒಂದೊಂದು ಸಾಲು ಶುರುವಾಗಿ ನಡುವೆಯೇ ನಿಲ್ಲುತ್ತದೆ. ಕೊನೆಗೆ ಅವರು ಸೋಲೋ ಬಿಟ್ಟು ಬರೀ ಕಾರ್ಡುಗಳನ್ನು ಹಿಡಿದು ದಡ ಸೇರುತ್ತಾರೆ. ಫ್ಲ್ಯಾನಗನ್ ಸಣ್ಣ ಕಲಾವಿದರೇನಲ್ಲ, ಪಿಯಾನೊದಲ್ಲಿ ಅವರಷ್ಟು ನಯವಾಗಿ ನುಡಿಸುವವರು ಕಡಿಮೆ. 1982ರಲ್ಲಿ ಅವರು ತಮ್ಮದೇ ಟ್ರಿಯೊ (ಮೂವರ ತಂಡ) ಕಟ್ಟಿಕೊಂಡು ಇದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಿದರು. ಅದು ಎಷ್ಟು ಸಲೀಸಾಗಿ ಹರಿಯುತ್ತದೆ ಅಂದರೆ ಅದೇ ಹಾಡು ಅಂತ ನಂಬುವುದೇ ಕಷ್ಟ. ಅಂದರೆ 1959ರ ರೆಕಾರ್ಡಿನಲ್ಲಿ ಒಬ್ಬರೇ ಓಡುತ್ತಿದ್ದಾರೆ, ಉಳಿದವರು ಹಿಂದೆ ಬರಲು ಪಾಡು ಪಡುತ್ತಿದ್ದಾರೆ. ನಾನು ಅದನ್ನು ಗೌರವದಿಂದ ಕೇಳುತ್ತೇನೆ, ಆದರೆ ಮತ್ತೆ ಮತ್ತೆ ಹಾಕುವುದಿಲ್ಲ.

ಅದೇ ಎಲ್‌ಪಿಯಲ್ಲಿ 'ನೈಮಾ' ಇದೆ ನೋಡಿ, ಅದು ಬೇರೆ. ನಿಧಾನದ ಹಾಡು. ರೆಕಾರ್ಡ್ ಆಗಿದ್ದು ಡಿಸೆಂಬರ್‌ನಲ್ಲಿ. ಪಿಯಾನೊದಲ್ಲಿ ವಿಂಟನ್ ಕೆಲ್ಲಿ, ಬೇಸ್‌ನಲ್ಲಿ ಚೇಂಬರ್ಸ್, ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್. ಮೂವರೂ 'ಕೈಂಡ್ ಆಫ್ ಬ್ಲೂ'ನಲ್ಲಿ ನುಡಿಸಿದವರು. ಬೇಸ್ ಬಹಳ ಹೊತ್ತು ಒಂದೇ ಸ್ವರವನ್ನು ಹಿಡಿದುಕೊಂಡಿರುತ್ತದೆ, ಮೇಲೆ ಕಾರ್ಡುಗಳು ಬಣ್ಣ ಬದಲಿಸುತ್ತವೆ. ಕೋಲ್ಟ್ರೇನ್ ಇಲ್ಲಿ ಸೋಲೋ ತೆಗೆದುಕೊಳ್ಳುವುದೇ ಇಲ್ಲ. ಹಾಡಿನ ಮಟ್ಟು ನುಡಿಸಿ ಪಿಯಾನೊಗೆ ಜಾಗ ಬಿಡುತ್ತಾರೆ. ನಾನು ಹಾಕುವುದು ಈ ಹಾಡನ್ನು.

ಕೇಳಿಸಿಕೊಳ್ಳುವಿಕೆ ಅಂದರೆ ಏನು ಅಂತ ಒಂದೇ ರೆಕಾರ್ಡಿನಲ್ಲಿ ತೋರಿಸಿ ಅಂದರೆ ನಾನು ತೆಗೆಯುವುದು ಬಿಲ್ ಎವಾನ್ಸ್ ಟ್ರಿಯೊವನ್ನು. 1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್, ನೆಲಮಾಳಿಗೆಯ ಕ್ಲಬ್ಬು. ಮಧ್ಯಾಹ್ನ, ರಾತ್ರಿ ಸೇರಿ ಐದು ಸೆಟ್ (ನಡುವೆ ಬಿಡುವು ಕೊಟ್ಟು ನುಡಿಸುವ ಸುತ್ತು) ನುಡಿಸಿದರು. ಬೇಸ್‌ನಲ್ಲಿ ಸ್ಕಾಟ್ ಲಫಾರೊ, ಡ್ರಮ್ಸ್‌ನಲ್ಲಿ ಪಾಲ್ ಮೋಷನ್. ಅದುವರೆಗೆ ಪಿಯಾನೊ ಟ್ರಿಯೊ ಅಂದರೆ ಪಿಯಾನೊ ಮುಂದೆ, ಉಳಿದಿಬ್ಬರು ಹಿಂದೆ. ಇಲ್ಲಿ ಹಾಗಿಲ್ಲ. ಲಫಾರೊ ಬೀಟ್ ಕಾಯುತ್ತಾ ಕೂರುವುದಿಲ್ಲ. ಎವಾನ್ಸ್ ಒಂದು ಸಾಲು ಮುಗಿಸುವ ಮೊದಲೇ ಬೇಸ್ ಮೇಲಿನ ತಂತಿಗಳಲ್ಲಿ ಅದಕ್ಕೆ ಇನ್ನೊಂದು ಸಾಲು ಹೆಣೆಯುತ್ತಾರೆ. ಆಗ ಎವಾನ್ಸ್ ಎಡಗೈ ಎತ್ತಿಬಿಡುತ್ತಾರೆ, ಬೇಸ್‌ಗೆ ಜಾಗ ಬೇಕು ಅಂತ. ಮೋಷನ್ ಡ್ರಮ್ಸ್ ಕೋಲಿನ ಬದಲು ಬ್ರಶ್ ಹಿಡಿದು ಇಬ್ಬರ ನಡುವೆ ಗಾಳಿ ಆಡಲು ಬಿಡುತ್ತಾರೆ. 'ಮೈ ಫೂಲಿಷ್ ಹಾರ್ಟ್' ಹಾಡಿನಲ್ಲಿ ಸಿಂಬಲ್ ಮೇಲೆ ಬ್ರಶ್ ಸವರುವ ಸದ್ದನ್ನೇ ಹಿಡಿದು ಕೊನೆಯವರೆಗೆ ಹೋಗಿ. ಆ ಹಾಡು ಎಷ್ಟು ನಿಧಾನ ಅನ್ನುವುದು ಆಗ ಗೊತ್ತಾಗುತ್ತದೆ.

ಹಿಂದೆ ಗ್ಲಾಸುಗಳ ಸದ್ದು ಕೇಳಿಸುತ್ತದೆ, ಜನ ಮಾತಾಡುವುದು, ನಗುವುದು ಕೇಳಿಸುತ್ತದೆ. ಇದರಿಂದ ಕಿರಿಕಿರಿ ಅನ್ನುವವರಿದ್ದಾರೆ. ನನಗೆ ಅದು ಬೇಕು. ಸಂಗೀತ ನಡೆದ ಕೋಣೆ ಎಷ್ಟು ದೊಡ್ಡದು, ಜನ ಎಷ್ಟು ಹತ್ತಿರ ಕೂತಿದ್ದರು ಅನ್ನುವುದು ಅದರಿಂದಲೇ ತಿಳಿಯುತ್ತದೆ. ಒಂದು ಹಾಡಿನ ಮಧ್ಯೆ ಕರೆಂಟ್ ಕೈಕೊಟ್ಟು ಟೇಪ್ ತಡವರಿಸುತ್ತದೆ, ಪೂರ್ತಿ ಸೆಟ್‌ನಲ್ಲಿ ಅದನ್ನೂ ಹಾಗೇ ಇಟ್ಟಿದ್ದಾರೆ. ಇದಾದ ಹನ್ನೊಂದೇ ದಿನಕ್ಕೆ, ಜುಲೈ 6ರಂದು, ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25. ಎವಾನ್ಸ್ ಕೆಲವು ತಿಂಗಳು ಜನರೆದುರು ನುಡಿಸಲೇ ಇಲ್ಲ.

ಕೋಣೆ, ಜನ ಅಂದಾಗ ದೊಡ್ಡ ಬ್ಯಾಂಡಿನ ನಾಯಕ ಡ್ಯೂಕ್ ಎಲಿಂಗ್ಟನ್ ನೆನಪಾಗುತ್ತಾರೆ. 1956ರ ಜುಲೈ 7, ನ್ಯೂಪೋರ್ಟ್ ಉತ್ಸವ. ಟೆನರ್ ಸ್ಯಾಕ್ಸ್‌ನ ಪಾಲ್ ಗಾನ್ಸಾಲ್ವ್ಸ್ ಬ್ಲೂಸ್‌ನ 27 ಕೋರಸ್‌ಗಳನ್ನು (ಮಟ್ಟಿನ ಒಂದು ಪೂರ್ತಿ ಸುತ್ತಿಗೆ ಒಂದು ಕೋರಸ್) ಒಂದೇ ಸಮನೆ ನುಡಿಸಿದ ರಾತ್ರಿ. ಜನ ಎದ್ದು ಕುಣಿದರು. ಆದರೆ ಗಾನ್ಸಾಲ್ವ್ಸ್ ನುಡಿಸಿದ್ದು ರೆಕಾರ್ಡ್ ಕಂಪನಿಯ ಮೈಕ್ ಎದುರಿಗಲ್ಲ, ಪಕ್ಕದಲ್ಲಿದ್ದ ವಾಯ್ಸ್ ಆಫ್ ಅಮೆರಿಕ ರೇಡಿಯೊದ ಮೈಕ್ ಎದುರಿಗೆ. ಹಾಗಾಗಿ ಮೂಲ ಎಲ್‌ಪಿಯಲ್ಲಿ ಆ ಸೋಲೋ ಎಲ್ಲೋ ದೂರದಿಂದ ಬಂದ ಹಾಗಿದೆ. ಎಲ್‌ಪಿಯ ಇನ್ನೂ ಹಲವು ಭಾಗಗಳನ್ನು ಆಮೇಲೆ ಸ್ಟುಡಿಯೊದಲ್ಲಿ ಮತ್ತೆ ನುಡಿಸಿ, ಚಪ್ಪಾಳೆ ಸೇರಿಸಿದ್ದರು. ರೇಡಿಯೊದ ಟೇಪ್ ಸಿಕ್ಕ ಮೇಲೆ ಎರಡನ್ನೂ ಜೋಡಿಸಿ 1999ರಲ್ಲಿ ಹೊರತಂದರು. ಅದರಲ್ಲಿ ಕೇಳಿ: ಗಾನ್ಸಾಲ್ವ್ಸ್ ಅಂಥ ಅದ್ಭುತ ಮಟ್ಟುಗಳನ್ನೇನೂ ನುಡಿಸುತ್ತಿಲ್ಲ. ಹಿಂದೆ ಸ್ಯಾಮ್ ವುಡ್‌ಯಾರ್ಡ್ ಡ್ರಮ್ಸ್, ಜಿಮ್ಮಿ ವುಡ್ ಬೇಸ್, ಜೊತೆಗೆ ಎಲಿಂಗ್ಟನ್ ಅವರ ಕೂಗು. ಇವರೆಲ್ಲ ಸೇರಿ ಅವರನ್ನು ನಿಲ್ಲಲು ಬಿಡುತ್ತಿಲ್ಲ. ಒಂದೊಂದು ಕೋರಸ್‌ಗೂ ಬೀಟ್ ಇನ್ನಷ್ಟು ಗಟ್ಟಿಯಾಗುತ್ತಾ ಹೋಗುತ್ತದೆ.

ಇದೇ ರೇಡಿಯೊದ ಟೇಪುಗಳಲ್ಲಿ ಇನ್ನೊಂದು ನಿಧಿ ಇತ್ತು. 1957ರ ನವೆಂಬರ್ 29ರಂದು ಕಾರ್ನೆಗಿ ಹಾಲ್‌ನಲ್ಲಿ ಪಿಯಾನೊ ವಾದಕ ಥಿಲೋನಿಯಸ್ ಮಂಕ್ ಮತ್ತು ಕೋಲ್ಟ್ರೇನ್ ಜೊತೆಯಾಗಿ ನುಡಿಸಿದ್ದು. 2005ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡುವಾಗ ಸಿಕ್ಕಿತು. ಇಬ್ಬರೂ ಅದಕ್ಕೆ ಮುಂಚೆ ಒಂದು ಕ್ಲಬ್ಬಿನಲ್ಲಿ ತಿಂಗಳುಗಟ್ಟಲೆ ಜೊತೆಗೆ ನುಡಿಸಿದ್ದರು. ಅದು ಪ್ರತಿ ಹಾಡಿನಲ್ಲೂ ಗೊತ್ತಾಗುತ್ತದೆ. ಮಂಕ್ ಕೋಲ್ಟ್ರೇನ್‌ಗೆ ಎಲ್ಲಿ ಕಾರ್ಡ್ ಕೊಡಬೇಕು ಅನ್ನುವುದರಷ್ಟೇ ಎಲ್ಲಿ ಕೊಡಬಾರದು ಅನ್ನುವುದನ್ನೂ ಬಲ್ಲವರ ಹಾಗೆ ನುಡಿಸುತ್ತಾರೆ.

ಇಂಥ 'ಕಳೆದುಹೋದ ಟೇಪ್'ಗಳು ಈಗ ಪ್ರತಿ ವರ್ಷ ಬರುತ್ತಿವೆ. ಎಲ್ಲವೂ ಕಾರ್ನೆಗಿ ಹಾಲ್ ಆಗಿರುವುದಿಲ್ಲ. ಕೆಲವು ಸುಮಾರಾದ ರಾತ್ರಿಗಳು, ದೊಡ್ಡ ಪೆಟ್ಟಿಗೆಯಲ್ಲಿ ದಪ್ಪ ಪುಸ್ತಕದ ಜೊತೆ ಬರುತ್ತವೆ. ಪತ್ರಿಕೆಗಳ ಜಾಗವನ್ನೆಲ್ಲ ಇವೇ ತಿಂದುಹಾಕುತ್ತವೆ, ಇವತ್ತು ನುಡಿಸುತ್ತಿರುವವರ ರೆಕಾರ್ಡಿಗೆ ಒಂದು ಮೂಲೆ ಸಿಕ್ಕರೆ ಹೆಚ್ಚು. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಆದರೂ ಒಂದನ್ನು ಬಿಡಲಾರೆ. 'ಎ ಲವ್ ಸುಪ್ರೀಮ್'. ಕೋಲ್ಟ್ರೇನ್ ಇದನ್ನು 1964ರ ಡಿಸೆಂಬರ್ 9ರಂದು ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದರು. ಸುಮಾರು 33 ನಿಮಿಷ, ನಾಲ್ಕು ಭಾಗ. ಆ ಸ್ಟುಡಿಯೊದ ಛಾವಣಿ 39 ಅಡಿ ಎತ್ತರ, ಆ ಜಾಗದ ಗಾಳಿ ರೆಕಾರ್ಡಿನಲ್ಲೇ ಇದೆ. ಕೊನೆಯ ಭಾಗದಲ್ಲಿ ಕೋಲ್ಟ್ರೇನ್ ತಾವೇ ಬರೆದ ಪ್ರಾರ್ಥನೆಯನ್ನು ಅಕ್ಷರ ಅಕ್ಷರವಾಗಿ ಸ್ಯಾಕ್ಸ್‌ನಲ್ಲಿ ಓದುತ್ತಾರೆ. ಆ ಪದ್ಯ ಎಲ್‌ಪಿಯ ಒಳಪುಟದಲ್ಲೇ ಇದೆ, ಮುಂದಿಟ್ಟುಕೊಂಡು ಕೇಳಬಹುದು. ಆಗ ಎಲ್ವಿನ್ ಜೋನ್ಸ್ ಡ್ರಮ್ಸ್ ಬಿಟ್ಟು ಟಿಂಪನಿ (ನಗಾರಿಯಂಥ ವಾದ್ಯ) ಹಿಡಿಯುತ್ತಾರೆ. ಬೀಟ್ ಇಲ್ಲ, ಗುಡುಗು ಮಾತ್ರ. ಒಂದೊಂದು ಸಾಲು ಮುಗಿಯುವ ಜಾಗದಲ್ಲಿ ಆ ಗುಡುಗು ಏಳುತ್ತದೆ, ಸ್ಯಾಕ್ಸ್ ಮತ್ತೆ ಬಾಯಿ ತೆರೆದಾಗ ತಗ್ಗುತ್ತದೆ.

2021ರಲ್ಲಿ ಇದೇ ಕೃತಿಯನ್ನು 1965ರ ಅಕ್ಟೋಬರ್ 2ರಂದು ಸಿಯಾಟಲ್‌ನ ಒಂದು ಕ್ಲಬ್ಬಿನಲ್ಲಿ ನುಡಿಸಿದ ಟೇಪ್ ಹೊರಬಂತು. ಅಲ್ಲಿ ಇದು 75 ನಿಮಿಷ. ಜೊತೆಗೆ ಫೇರೋ ಸ್ಯಾಂಡರ್ಸ್ ಸೇರಿ ಇನ್ನಿಬ್ಬರು ಸ್ಯಾಕ್ಸ್‌ನವರು, ಇನ್ನೊಬ್ಬರು ಬೇಸ್‌ನವರು ಇದ್ದಾರೆ. ಮೈಕ್ ಇಟ್ಟ ಜಾಗದಿಂದಾಗಿ ಸ್ಯಾಕ್ಸ್ ಹಿಂದೆ ಸರಿದಿದೆ, ಡ್ರಮ್ಸ್ ಮುಖಕ್ಕೇ ಬಂದಿದೆ. ಇದನ್ನು ದೋಷ ಅಂತ ಬರೆದವರಿದ್ದಾರೆ. ನನಗೆ ಅದು ವರ. ಎಲ್ವಿನ್ ಜೋನ್ಸ್ ಪಕ್ಕದಲ್ಲೇ ಕೂತು ಕೋಲ್ಟ್ರೇನ್ ಕೇಳುವ ಅವಕಾಶ ಬೇರೆಲ್ಲಿ ಸಿಗುತ್ತದೆ? ಮೂಲ ರೆಕಾರ್ಡ್ ಚೆನ್ನಾಗಿ ಪರಿಚಯವಾದ ಮೇಲೆ ಇದನ್ನು ಕೇಳಿ. ಮೊದಲೇ ಬೇಡ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬರುತ್ತದೆ. ಹಾಗಾದರೆ ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಏಟಿಗೆ ನುಡಿಸಿದ್ದು ಮಾತ್ರ ಒಳ್ಳೆಯದಾ? ಟೇಪ್ ಕತ್ತರಿಸಿ ಅಂಟಿಸಿದರೆ ಕೆಟ್ಟಿತಾ? ಹಾಗೇನಿಲ್ಲ. 1969ರ 'ಇನ್ ಎ ಸೈಲೆಂಟ್ ವೇ' ತೆಗೆದುಕೊಳ್ಳಿ. ಮೈಲ್ಸ್ ಡೇವಿಸ್ ತಂಡ ಒಂದು ದಿನ ನುಡಿಸಿತು, ನಿರ್ಮಾಪಕ ಟಿಯೊ ಮೆಸೆರೊ ಟೇಪ್ ಕತ್ತರಿಸಿ ಜೋಡಿಸಿದರು. ಎರಡನೇ ಬದಿಯ ಶುರುವಿನ ಭಾಗವನ್ನೇ ಕೊನೆಯಲ್ಲೂ ಅಂಟಿಸಿದರು. ಅದೇ ಟೇಪ್, ಆದರೆ ನಡುವಿನದನ್ನು ಕೇಳಿ ಬಂದ ನಮ್ಮ ಕಿವಿಗೆ ಅದು ಬೇರೆಯದೇ ಆಗಿ ಕೇಳಿಸುತ್ತದೆ. ಕತ್ತರಿ ಹಿಡಿದವರಿಗೂ ಕಿವಿ ಇದ್ದರೆ ಅವರೂ ಬ್ಯಾಂಡಿನಲ್ಲಿ ಒಬ್ಬರೇ.

ಇವತ್ತು ಆ ಕೆಲಸವನ್ನು ಚೆನ್ನಾಗಿ ಮಾಡುತ್ತಿರುವವರು ಶಿಕಾಗೊದ ಡ್ರಮ್ಮರ್ ಮಕಾಯಾ ಮೆಕ್ರೇವನ್. ಒಂದೇ ಜಾಗದಲ್ಲಿ ವರ್ಷದುದ್ದಕ್ಕೂ 28 ಕಾರ್ಯಕ್ರಮ ಕೊಟ್ಟು, ಸುಮಾರು 48 ಗಂಟೆಯ ಟೇಪ್‌ನಿಂದ ಆರಿಸಿ, ಕತ್ತರಿಸಿ, ಒಂದೇ ತುಣುಕನ್ನು ಮತ್ತೆ ಮತ್ತೆ ಸುತ್ತಿಸಿ 2015ರಲ್ಲಿ 'ಇನ್ ದ ಮೊಮೆಂಟ್' ಹೊರತಂದರು. ಜನರ ಸದ್ದು ಹಾಗೇ ಇದೆ. ಸಿಕ್ಕ ಒಂದು ಒಳ್ಳೆಯ ಗಳಿಗೆಯನ್ನು ಅವರು ಹಿಗ್ಗಿಸುತ್ತಾರೆ, ಬೇಡದ್ದನ್ನು ಬಿಡುತ್ತಾರೆ. ಹೊಸದರಲ್ಲಿ ನನಗೆ ಮೊದಲು ನೆನಪಾಗುವ ರೆಕಾರ್ಡುಗಳಲ್ಲಿ ಇದೊಂದು.

ಅದೇ ವರ್ಷ ಸ್ಯಾಕ್ಸೋಫೋನ್ ವಾದಕ ಕಮಾಸಿ ವಾಷಿಂಗ್ಟನ್ ಅವರ 'ದಿ ಎಪಿಕ್' ಬಂತು. ಮೂರು ಡಿಸ್ಕ್, ಹತ್ತಿರಹತ್ತಿರ ಮೂರು ಗಂಟೆ. ಬ್ಯಾಂಡಿನ ಜೊತೆ ತಂತಿವಾದ್ಯಗಳು, ದೊಡ್ಡ ಕೋರಸ್, ಅಂದರೆ ಗುಂಪಾಗಿ ಹಾಡುವ ಹಾಡುಗಾರರು. ಜಾಝ್ ಕೇಳದ ಎಷ್ಟೋ ಯುವಜನರನ್ನು ಇದು ಕರೆತಂದಿತು, ಅದಕ್ಕೆ ಕೈಮುಗಿಯಬೇಕು. ಆದರೆ ಬ್ಯಾಂಡಿನವರ ನಡುವಿನ ಮಾತುಕತೆಯ ಮೇಲೆ ಆ ಕೋರಸ್ ಕಂಬಳಿ ಹೊದಿಸಿಬಿಡುತ್ತದೆ. ಮೂರನೇ ಒಂದು ಭಾಗ ಮಾತ್ರ ಇಟ್ಟು, ಹಾಡುಗಾರರನ್ನು ಮನೆಗೆ ಕಳಿಸಿದ್ದರೆ ನನಗೆ ಇನ್ನೂ ಇಷ್ಟವಾಗುತ್ತಿತ್ತು.

ಹಾಡುವವರ ವಿಷಯಕ್ಕೆ ಬಂದರೆ, 1960ರ ಫೆಬ್ರವರಿಯಲ್ಲಿ ಎಲ್ಲಾ ಫಿಟ್ಜೆರಾಲ್ಡ್ ಬರ್ಲಿನ್‌ನಲ್ಲಿ 'ಮ್ಯಾಕ್ ದ ನೈಫ್' ಹಾಡುವಾಗ ಸಾಲುಗಳನ್ನು ಮರೆತದ್ದು ಪ್ರಸಿದ್ಧ. ನಿಲ್ಲಿಸಲಿಲ್ಲ. ಮರೆತಿದ್ದನ್ನೇ ಹಾಡಾಗಿ ಹಾಡಿದರು, ಆರ್ಮ್‌ಸ್ಟ್ರಾಂಗ್ ದನಿಯನ್ನೂ ತಂದರು. ಹಿಂದಿನ ನಾಲ್ವರು ಅಷ್ಟೇ ಗಟ್ಟಿಯಾಗಿ ತಾಳ ಹಿಡಿದು ನಿಂತದ್ದರಿಂದ ಅವರಿಗೆ ಅದು ಸಾಧ್ಯವಾಯಿತು. ಇದಕ್ಕೆ ಸರಿಸಾಟಿಯಾಗಿ ಇವತ್ತಿನದು ಯಾವುದು ಅಂದರೆ, ಸೆಸಿಲ್ ಮೆಕ್ಲೋರಿನ್ ಸಾಲ್ವಂಟ್ ಅವರ 2018ರ 'ದ ವಿಂಡೋ'. ಬಹುಪಾಲು ಅವರ ದನಿ, ಸಲಿವನ್ ಫೋರ್ಟ್ನರ್ ಪಿಯಾನೊ, ಅಷ್ಟೇ. ಕೆಲವು ಹಾಡು ರೆಕಾರ್ಡ್ ಆಗಿದ್ದು ಅದೇ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ. ಸಾಲ್ವಂಟ್ ಒಂದು ಪದವನ್ನು ಎಳೆದರೆ ಫೋರ್ಟ್ನರ್ ಪಿಯಾನೊ ಕೈಬಿಟ್ಟು ಕಾಯುತ್ತಾರೆ. ಅವರು ಪದವನ್ನು ಕತ್ತರಿಸಿದರೆ ಇವರು ಆ ಖಾಲಿ ಜಾಗಕ್ಕೆ ಒಂದು ಚೂಪಾದ ಕಾರ್ಡ್ ಹಾಕುತ್ತಾರೆ. ಕೆಲವೊಮ್ಮೆ ಬೇಕೆಂದೇ ಆಕೆಯನ್ನು ಇಕ್ಕಟ್ಟಿಗೆ ಸಿಕ್ಕಿಸುವ ಸ್ವರ ನುಡಿಸುತ್ತಾರೆ, ಆಕೆ ಅಲ್ಲಿಂದ ಪಾರಾಗುವುದನ್ನು ಕೇಳುವುದೇ ಒಂದು ಸುಖ. ಈ ಶತಮಾನದ ಗಾಯನದ ರೆಕಾರ್ಡುಗಳಲ್ಲಿ ನನಗೆ ಇದಕ್ಕಿಂತ ದೊಡ್ಡದು ಇಲ್ಲ.

ಟ್ರಿಯೊಗಳಲ್ಲಿ ಪಿಯಾನೊ ವಾದಕ ವಿಜಯ್ ಅಯ್ಯರ್ ಅವರ 'ಅನೀಸಿ'. 2021ರಲ್ಲಿ ಬಂದದ್ದು. ಬೇಸ್‌ನಲ್ಲಿ ಲಿಂಡಾ ಮೇ ಹಾನ್ ಓ, ಡ್ರಮ್ಸ್‌ನಲ್ಲಿ ಟೈಶಾನ್ ಸೋರಿ. ಹಳೆಯ 'ನೈಟ್ ಅಂಡ್ ಡೇ' ಹಾಡನ್ನು ಇವರು ನುಡಿಸುವಾಗ ಯಾರು ಯಾರನ್ನು ನಡೆಸುತ್ತಿದ್ದಾರೆ ಅಂತ ಹೇಳಲಾಗುವುದಿಲ್ಲ. 1961ರ ಎವಾನ್ಸ್ ಟ್ರಿಯೊ ತೆರೆದ ದಾರಿಯಲ್ಲೇ ಇವರು ಇದ್ದಾರೆ, ಆದರೆ ಕಾಲಿನ ಕೆಳಗಿನ ನೆಲ ಬೇರೆ.

ಕನ್ನಡದವರು ಕೇಳಲೇಬೇಕಾದ ಒಂದು ರೆಕಾರ್ಡ್ 2008ರ 'ಕಿನ್ಸ್‌ಮೆನ್'. ರುದ್ರೇಶ್ ಮಹಾಂತಪ್ಪ ಮತ್ತು ನಮ್ಮ ಕದ್ರಿ ಗೋಪಾಲನಾಥ್, ಇಬ್ಬರ ಕೈಯಲ್ಲೂ ಆಲ್ಟೊ ಸ್ಯಾಕ್ಸೋಫೋನ್. ಜೊತೆಗೆ ಕನ್ಯಾಕುಮಾರಿ ಅವರ ಪಿಟೀಲು, ಗಿಟಾರ್, ಬೇಸ್, ಮೃದಂಗ, ಡ್ರಮ್ಸ್. ವಾದ್ಯ ಒಂದೇ, ಮಾತಾಡುವ ರೀತಿ ಎರಡು. ಕದ್ರಿ ಸ್ವರದಿಂದ ಸ್ವರಕ್ಕೆ ಜಾರುತ್ತಾ ಹೋಗುತ್ತಾರೆ, ಮಹಾಂತಪ್ಪ ಪ್ರತಿ ಸ್ವರವನ್ನೂ ಚಾಕುವಿನ ಅಂಚಿನ ಹಾಗೆ ಶುರು ಮಾಡುತ್ತಾರೆ. ಇಂಥ ಕೂಡಾಟಗಳಲ್ಲಿ ಎಷ್ಟೋ ಸಲ ಎರಡು ಕಡೆಯವರೂ ಸರದಿಯಲ್ಲಿ ತಮ್ಮ ತಮ್ಮದನ್ನು ನುಡಿಸಿ ಎದ್ದು ಹೋಗುತ್ತಾರೆ. ಇಲ್ಲಿ ಹಾಗಾಗಿಲ್ಲ. ಒಬ್ಬರ ಸಾಲು ಇನ್ನೊಬ್ಬರ ಬಾಯಲ್ಲಿ ಬೇರೆ ರೂಪ ಪಡೆದು ಬರುತ್ತದೆ.

ಫೇರೋ ಸ್ಯಾಂಡರ್ಸ್ ಹೆಸರು ಆಗಲೇ ಬಂತು. 2021ರ 'ಪ್ರಾಮಿಸಸ್' ಅವರ ಕೊನೆಯ ದೊಡ್ಡ ರೆಕಾರ್ಡ್, ಫ್ಲೋಟಿಂಗ್ ಪಾಯಿಂಟ್ಸ್ ಹೆಸರಿನ ಎಲೆಕ್ಟ್ರಾನಿಕ್ ಸಂಗೀತಗಾರ ಮತ್ತು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ. ಒಂದು ಪುಟ್ಟ ಸ್ವರಗುಚ್ಛ ಹತ್ತಿರಹತ್ತಿರ ಇಡೀ 46 ನಿಮಿಷ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಸಿಯಾಟಲ್‌ನಲ್ಲಿ ಕೂಗಿದ್ದ ಅದೇ ಸ್ಯಾಕ್ಸ್ ಇಲ್ಲಿ ಎಷ್ಟು ಸಲ ಸುಮ್ಮನಿರುತ್ತದೆ ಅನ್ನುವುದನ್ನು ಗಮನಿಸಿ. ಆರ್ಕೆಸ್ಟ್ರಾ ಭೋರ್ಗರೆಯುವ ಭಾಗ ನನಗೆ ಅಷ್ಟು ಬೇಕಿರಲಿಲ್ಲ.

ಹೊಸ ರೆಕಾರ್ಡುಗಳ ಬಗ್ಗೆ ನನ್ನ ದೊಡ್ಡ ತಕರಾರು ನುಡಿಸುವವರ ಮೇಲಲ್ಲ, ಸದ್ದಿನ ಮೇಲೆ. ಹೋದ ಮೂವತ್ತು ವರ್ಷಗಳಲ್ಲಿ ಬಂದ ಎಷ್ಟೋ ಡಿಸ್ಕ್‌ಗಳಲ್ಲಿ ಮೆತ್ತನೆಯದನ್ನು ಎತ್ತಿ, ಜೋರಿನದನ್ನು ತಗ್ಗಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದುಬಿಟ್ಟಿದ್ದಾರೆ. ಹಳೆಯ ರೆಕಾರ್ಡುಗಳ ಮರುಮುದ್ರಣಕ್ಕೂ ಇದೇ ಗತಿ ಬಂದಿದೆ. ಜಿಮ್ಮಿ ಕಾಬ್ ಅವರ ಆ ಸಿಂಬಲ್ ಏಟು ಉಳಿದುದಕ್ಕಿಂತ ಜೋರಾಗಿರುವುದರಿಂದಲೇ ಅದಕ್ಕೆ ಬೆಲೆ. ಎಲ್ಲವೂ ಜೋರಾದರೆ ಅದೊಂದು ಸಿಂಬಲ್ ಅಷ್ಟೇ. ಇನ್ನೊಂದು, ಪ್ರತಿಯೊಬ್ಬರನ್ನೂ ಬೇರೆ ಬೇರೆ ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿಸುವ ಪದ್ಧತಿ. ತಪ್ಪಾದರೆ ಒಬ್ಬರದನ್ನು ಮಾತ್ರ ತಿದ್ದಬಹುದು ಅನ್ನುವ ಅನುಕೂಲಕ್ಕೆ ಮಾಡುತ್ತಾರೆ. ಆದರೆ ಉಸಿರು ಎಳೆದುಕೊಳ್ಳುವುದು, ಭುಜ ಅಲುಗುವುದು ನೋಡಿ ನುಡಿಸುವವರಿಗೆ ಆಗ ಎಷ್ಟೋ ವಿಷಯ ತಪ್ಪಿಹೋಗುತ್ತದೆ.

ಕೊನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ: ಹೊಸಬರು ಎಲ್ಲಿಂದ ಶುರು ಮಾಡಬೇಕು ಸರ್? ದೊಡ್ಡ ಹೆಸರುಗಳ ಪಟ್ಟಿ ಹಿಡಿದು ಹೋಗಬೇಡಿ. ಪಕ್ಕದಲ್ಲಿ ನಿಂತವರೊಬ್ಬರನ್ನು ಆರಿಸಿಕೊಂಡು ಅವರ ಹಿಂದೆ ಹೋಗಿ. ಪಾಲ್ ಚೇಂಬರ್ಸ್ ಬೇಸ್ ಹಿಡಿದು ಹೊರಟರೆ 1957ರ ಕೋಲ್ಟ್ರೇನ್ ಅವರ 'ಬ್ಲೂ ಟ್ರೇನ್', 1958ರ ಸಾನಿ ಕ್ಲಾರ್ಕ್ ಅವರ 'ಕೂಲ್ ಸ್ಟ್ರಟ್ಟಿನ್', ಆಮೇಲೆ 'ಕೈಂಡ್ ಆಫ್ ಬ್ಲೂ', 'ನೈಮಾ', 1961ರ ಆಲಿವರ್ ನೆಲ್ಸನ್ ಅವರ 'ದ ಬ್ಲೂಸ್ ಅಂಡ್ ದಿ ಆಬ್‌ಸ್ಟ್ರ್ಯಾಕ್ಟ್ ಟ್ರೂತ್'. ನಾಲ್ವರು ಬೇರೆ ಬೇರೆ ನಾಯಕರಾದರೂ ನೆಲ ಹಾಕಿದವರು ಒಬ್ಬರೇ. ಅವರು 1969ರಲ್ಲಿ, 33ರ ವಯಸ್ಸಿಗೇ ಹೋದರು. ಹೊಸಬರಲ್ಲಿ ಹಾಗೆ ಹಿಂಬಾಲಿಸುವುದಾದರೆ ಲಿಂಡಾ ಮೇ ಹಾನ್ ಓ. 'ಅನೀಸಿ' ಕೇಳಿ, 2020ರಲ್ಲಿ ಬಂದ ಗಿಟಾರ್ ವಾದಕ ಪ್ಯಾಟ್ ಮೆಥೀನಿ ಅವರ 'ಫ್ರಮ್ ದಿಸ್ ಪ್ಲೇಸ್' ಕೇಳಿ, ಆಮೇಲೆ ಓ ಅವರದೇ ನಾಯಕತ್ವದ 2019ರ 'ಅವೆಂಟ್ಯುರಿನ್'ಗೆ ಬನ್ನಿ. ಅದರಲ್ಲಿ ಒಂದು ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ತಂಡ) ಕೂಡ ಇದೆ, ಮೊದಲ ಸಲಕ್ಕೆ ಸ್ವಲ್ಪ ಕಷ್ಟ ಅನಿಸಬಹುದು. ಬೇಸ್ ಹಿಡಿದುಕೊಂಡು ಹೋಗಿ, ದಾರಿ ಸಿಗುತ್ತದೆ.